ದುಡ್ಡಿನ ಲೆಕ್ಕ: ಓದುಗರ ಪ್ರಶ್ನೆ – ಹಳೇ ಕ್ಲಾಸ್ ಎಲ್ಲಿ ಹೋಯ್ತು?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮೈಸೂರಿನಲ್ಲಿ ಅಪ್ಪ ಕಟ್ಟಿಸಿದ ಮನೆ ಬಾಡಿಗೆಗಿದೆ, ಇಲ್ಲೊಂದು ಸ್ವಂತ ಮನೆ. ಮನೆ ಖರ್ಚಿನ ಲೆಕ್ಕ ಇಡುವ ಕ್ವಿಕನ್ ಸಾಫ್ಟ್‌ವೇರ್‌ನ ಹಳೇ ಆವೃತ್ತಿಯಲ್ಲಿ ರಿಪೇರಿ, ತೆರಿಗೆ, ವಿಮೆ ಅಂತ ಕೆಟಗರಿ ಹಾಕಿ, ಯಾವ ಮನೆಯದು ಅಂತ ಗೊತ್ತಾಗಲು ಕ್ಲಾಸ್ ಅನ್ನೋ ಇನ್ನೊಂದು ಗುರುತು ಹಾಕುತ್ತಿದ್ದೆ. ಹೊಸ ಕ್ವಿಕನ್‌ಗೆ ಬಂದ ಮೇಲೆ ಕ್ಲಾಸ್ ಅನ್ನೋದೇ ಇಲ್ಲ. ಇಷ್ಟು ವರ್ಷದ ಲೆಕ್ಕ ಹೋಯ್ತಾ ಮೇಡಂ?

ಉತ್ತರ: ಹೋಗಿಲ್ಲ, ಗಾಬರಿ ಬೇಡ. ಕ್ಲಾಸ್‌ಗೆ ಈಗ ಟ್ಯಾಗ್ ಅಂತ ಹೆಸರು. ಟೂಲ್ಸ್ ಮೆನುವಿನಲ್ಲಿ ಟ್ಯಾಗ್ ಲಿಸ್ಟ್ ತೆಗೆದು ನೋಡಿ, ನಿಮ್ಮ ಹಳೇ ಹೆಸರುಗಳು ಅಲ್ಲಿರಬೇಕು. ಖಾತೆಯ ಪುಟದಲ್ಲಿ ಟ್ಯಾಗ್ ಕಾಲಂ ಕಾಣದಿದ್ದರೆ ಬಲಗಡೆ ಮೇಲಿರುವ ಗೇರ್ ಗುರುತಿನಿಂದ ಅದನ್ನು ತೋರಿಸಿಕೊಳ್ಳಬಹುದು.

ಹೆಸರಿಗಿಂತ ದೊಡ್ಡ ಬದಲಾವಣೆ ಒಂದಿದೆ. ಟ್ಯಾಗ್ ಆದ ಮೇಲೆ ಒಂದೇ ಖರ್ಚಿಗೆ ಎಷ್ಟು ಬೇಕಾದರೂ ಅಂಟಿಸಬಹುದು, ಅನುಕೂಲ ಅನ್ನಿಸುತ್ತದೆ, ಹಾಗಂತ ಮನೆಯ ಹೆಸರಿನ ಜತೆ ‘ಹಬ್ಬ’, ‘ಊರಿನ ಪ್ರಯಾಣ’ ಎಲ್ಲ ಸೇರಿಸುತ್ತಾ ಹೋದರೆ ಒಂದೇ ಮೊತ್ತ ಎರಡು ಗುಂಪಿನಲ್ಲೂ ಸೇರಿ ಲೆಕ್ಕ ಗೋಜಲಾಗಬಹುದು. ಮನೆಗಳಿಗೆ ಸಂಬಂಧಿಸಿದ ಸಾಲಿಗೆ ಒಂದೇ ಟ್ಯಾಗ್ ಸಾಕು. ಒಂದೇ ಬಿಲ್ಲಿನಲ್ಲಿ ಎರಡೂ ಮನೆಯ ಖರ್ಚಿದ್ದರೆ ಸ್ಪ್ಲಿಟ್ ಮಾಡಿ, ಅಂದರೆ ಮೊತ್ತವನ್ನು ಭಾಗ ಮಾಡಿ, ಒಂದೊಂದು ಭಾಗಕ್ಕೂ ಅದರದೇ ಟ್ಯಾಗ್ ಕೊಡಿ. ನಿಮಗಂತೂ ಇದು ಸುಮ್ನೆ ಅಚ್ಚುಕಟ್ಟಿನ ಮಾತಲ್ಲ. ಮೈಸೂರಿನ ಬಾಡಿಗೆಯನ್ನೂ ಅಮೆರಿಕದ ತೆರಿಗೆಯಲ್ಲಿ ಬಾಡಿಗೆ ಆದಾಯಕ್ಕಿರುವ ಶೆಡ್ಯೂಲ್ ಇ ಫಾರಂನಲ್ಲಿ ತೋರಿಸಬೇಕಲ್ವಾ, ಖರ್ಚು ಮನೆಮನೆಗೆ ಬೇರೆಯಾಗಿರದಿದ್ದರೆ ತೆರಿಗೆ ಸಲ್ಲಿಸುವ ಏಪ್ರಿಲ್‌ನಲ್ಲಿ ಕೂತು ಒಂದೊಂದೇ ಹುಡುಕಬೇಕಾಗುತ್ತದೆ.

ಹಳೇ ಫೈಲಿನ ಬ್ಯಾಕಪ್ ದಯವಿಟ್ಟು ಅಳಿಸಬೇಡಿ. ಹೊಸದು ಹಳೇ ಫೈಲನ್ನು ತನ್ನ ರೂಪಕ್ಕೆ ಬದಲಿಸಿಕೊಳ್ಳುತ್ತದೆ, ಆಮೇಲೆ ಹಳೇ ಕ್ವಿಕನ್‌ನಲ್ಲಿ ಅದು ತೆರೆಯುವುದಿಲ್ಲ. ಹಳೆಯದರಿಂದ ತೆಗೆದ ಯಾವುದಾದರೂ ಒಂದು ವರ್ಷದ ಕ್ಲಾಸ್ ವರದಿ ನಿಮ್ಮಲ್ಲಿದ್ದರೆ ಅದೇ ವರ್ಷದ ಟ್ಯಾಗ್ ವರದಿ ಜತೆ ಇಟ್ಟು ನೋಡಿ. ಮೊತ್ತ ತಾಳೆಯಾದರೆ ನೆಮ್ಮದಿ. ಆಗದಿದ್ದರೆ ಮೊದಲು ಟ್ಯಾಗೇ ಇಲ್ಲದ ಸಾಲುಗಳನ್ನು ನೋಡಿ, ಜಾಸ್ತಿ ಸಲ ತಪ್ಪು ಅಲ್ಲೇ ಇರುತ್ತದೆ.

ಪ್ರಶ್ನೆ: ಮೈಕ್ರೋಸಾಫ್ಟ್ ಮನಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಿಟ್ಟು ಗ್ನೂಕ್ಯಾಶ್ ಅನ್ನೋ ಇನ್ನೊಂದಕ್ಕೆ ಬಂದೆ. ಇಲ್ಲಿ ಕೆಟಗರಿ ಎಲ್ಲಿ?

ಉತ್ತರ: ಇಲ್ಲಿ ಕೆಟಗರಿಯೇ ಒಂದು ಖಾತೆ. ಜೋಡಿ ನಮೂದಿನ ಪದ್ಧತಿ ಇದು: ಬ್ಯಾಂಕಿನಿಂದ 500 ರೂಪಾಯಿ ಹೋದರೆ ‘ದಿನಸಿ’ ಎಂಬ ಖರ್ಚಿನ ಖಾತೆಗೆ 500 ಬಂತು ಅಂತ ಬರೆಯುತ್ತದೆ. ಹಳೇ ಲೆಕ್ಕವನ್ನು ಕ್ಯೂಐಎಫ್ ಫೈಲ್ (ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಲೆಕ್ಕ ಸಾಗಿಸುವ ಫೈಲ್) ಮೂಲಕ ತಂದರೆ ನಿಮ್ಮ ಪ್ರತಿ ಕೆಟಗರಿ ಯಾವ ಖಾತೆಗೆ ಹೋಗಬೇಕು ಅಂತ ಪಟ್ಟಿ ತೋರಿಸುತ್ತದೆ. ಬೇಗ ಮುಗಿಸೋಣ ಅಂತ ‘ಮುಂದೆ’ ಒತ್ತಿಬಿಡಬೇಡಿ, ಅದೊಂದು ಪುಟಕ್ಕೆ ಅರ್ಧ ಗಂಟೆ ಕೊಡಿ. ತಾರೀಕನ್ನೂ ನೋಡಿಕೊಳ್ಳಿ. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದ ಕ್ರಮದಲ್ಲಿ ಮಾರ್ಚ್ 4. ಗೊಂದಲ ಇದ್ದಾಗ ಯಾವ ಕ್ರಮ ಅಂತ ಗ್ನೂಕ್ಯಾಶ್ ಕೇಳುತ್ತದೆ, ನಿಮ್ಮ ಫೈಲಿನಲ್ಲಿ ತಾರೀಕು ಯಾವ ಕ್ರಮದಲ್ಲಿದೆಯೋ ಅದನ್ನೇ ಆರಿಸಿ.