ಸೀಟು ಖಾಲಿ ಆದ ಮಾತ್ರಕ್ಕೆ ಉಪಚುನಾವಣೆ ಬರಲ್ಲ

ಪ್ರಶ್ನೆ: 2022ರಲ್ಲಿ ಉಮೇಶ ಕತ್ತಿಯವರು ತೀರಿಕೊಂಡಾಗ ಹುಕ್ಕೇರಿಯಲ್ಲಿ ಉಪಚುನಾವಣೆಯೇ ಆಗಲಿಲ್ಲ. ಆರು ತಿಂಗಳೊಳಗೆ ಮಾಡಲೇಬೇಕು ಅಂತ ಕಾನೂನು ಇಲ್ವಾ? ಇದು ಸರ್ಕಾರದ ಕೈವಾಡ ಅಂತಾರೆ.
– ಹುಕ್ಕೇರಿ ಓದುಗರು

ಉತ್ತರ: ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ತಿರುಗಿ ಬರುತ್ತದೆ. ವಾಟ್ಸಾಪಿನಲ್ಲಿ ಓಡಾಡುವ ಮೆಸೇಜಿನಲ್ಲಿ ಕಾನೂನಿನ ಅರ್ಧ ಸಾಲು ಮಾತ್ರ ಇದೆ, ಅದಕ್ಕೇ ಈ ಗೊಂದಲ. ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ಆರು ತಿಂಗಳು ಅನ್ನುತ್ತದೆ, ನಿಜ. ಅದರ ಕೆಳಗೇ ಎರಡು ವಿನಾಯಿತಿ ಇವೆ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಆರು ತಿಂಗಳ ಗಡುವಿಲ್ಲ. ಆ ಸಮಯದಲ್ಲಿ ಚುನಾವಣೆ ನಡೆಸುವುದು ಕಷ್ಟ ಎಂದು ಚುನಾವಣಾ ಆಯೋಗ ಕೇಂದ್ರ ಸರ್ಕಾರದ ಜೊತೆ ಚರ್ಚಿಸಿ ದೃಢೀಕರಿಸಿದರೂ ಆ ಗಡುವಿಲ್ಲ.

ಕತ್ತಿಯವರು ತೀರಿಕೊಂಡದ್ದು ಸೆಪ್ಟೆಂಬರ್ 6ಕ್ಕೆ. ವಿಧಾನಸಭೆಯ ಅವಧಿ ಮುಗಿಯುವುದು 2023ರ ಮೇನಲ್ಲಿ. ಒಂಬತ್ತು ತಿಂಗಳೂ ಇರಲಿಲ್ಲ. ಅದೇ ಅಕ್ಟೋಬರಿನಲ್ಲಿ ಆನಂದ ಮಾಮನಿಯವರು ತೀರಿಕೊಂಡಾಗ ಸವದತ್ತಿಯಲ್ಲೂ ಇದೇ ಲೆಕ್ಕ. ಜಮಖಂಡಿ ನೋಡಿ. ಸಿದ್ದು ನ್ಯಾಮಗೌಡರು 2018ರ ಮೇ 28ರಂದು ಅಪಘಾತದಲ್ಲಿ ತೀರಿಕೊಂಡರು, ಹೆಚ್ಚುಕಡಿಮೆ ಪೂರ್ತಿ ಅವಧಿ ಉಳಿದಿತ್ತು. ನವೆಂಬರ್ 3ಕ್ಕೆ ಮತದಾನ ಆಯಿತು. ಸಿಂದಗಿಯಲ್ಲಿ 2021ರ ಜನವರಿಯಲ್ಲಿ ಖಾಲಿಯಾದ ಸೀಟಿಗೆ ಅಕ್ಟೋಬರ್ 30ರವರೆಗೆ ಕಾಯಬೇಕಾಯಿತು. ನಡುವೆ ಕೋವಿಡ್ ಎರಡನೇ ಅಲೆ ಬಂದು ಆಯೋಗ ಉಪಚುನಾವಣೆಗಳನ್ನೇ ಮುಂದೂಡಿತ್ತು.

"ಹಂಗಾದ್ರ 2018ರಲ್ಲಿ ಏಳೇ ತಿಂಗಳ ಅವಧಿಗೆ ಶಿವಮೊಗ್ಗ, ಬಳ್ಳಾರಿ, ಮಂಡ್ಯಕ್ಕೆ ಲೋಕಸಭೆ ಉಪಚುನಾವಣೆ ಯಾಕ್ರೀ?" ಅಂತಲೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅಲ್ಲಿ ಸೀಟು ಖಾಲಿಯಾದದ್ದು ಮೇನಲ್ಲಿ, ಲೋಕಸಭೆಯ ಅವಧಿ 2019ರ ಜೂನ್ 3ರವರೆಗೆ. ಅಂದರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ. ಆಯೋಗ ಎಣಿಸುವುದು ಖಾಲಿಯಾದ ದಿನದಿಂದ, ಮತದಾನದ ದಿನದಿಂದಲ್ಲ. ಆದರೆ 2024ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಗೆದ್ದವರಿಗೆ ಒಂದು ವರ್ಷವೂ ಸಿಗಲ್ಲ ಎಂದು ಅಕೋಲಾ ಪಶ್ಚಿಮದ ಉಪಚುನಾವಣೆ ರದ್ದು ಮಾಡಿತು. ಹಾಗಾಗಿ ಒಂದು ವರ್ಷದ ಆಸುಪಾಸಿನ ಸೀಟಿನ ಬಗ್ಗೆ ಯಾರಾದರೂ "ಚುನಾವಣೆ ಗ್ಯಾರಂಟಿ" ಅಂದರೆ ನಂಬಬೇಡಿ.

ಪ್ರಶ್ನೆ: ಶಾಸಕರು ತೀರಿಕೊಂಡರೆ ಎರಡನೇ ಸ್ಥಾನ ಬಂದವರನ್ನೇ ಶಾಸಕರು ಅಂತ ಘೋಷಿಸಬಹುದಲ್ವಾ?

ಉತ್ತರ: ಇಲ್ಲ.

ಪ್ರಶ್ನೆ: ಉಪಚುನಾವಣೆಯಲ್ಲಿ ಗೆದ್ದರೆ ಐದು ವರ್ಷವಾ?

ಉತ್ತರ: ಉಳಿದ ಅವಧಿ ಮಾತ್ರ.

ಪ್ರಶ್ನೆ: 2019ರಲ್ಲಿ ಗೋಕಾಕ, ಅಥಣಿ, ಕಾಗವಾಡದ ಅನರ್ಹ ಶಾಸಕರು ಮತ್ತೆ ಹೇಗೆ ನಿಂತರು?

ಉತ್ತರ: ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿಯಿತು. ಅವಧಿ ಮುಗಿಯುವವರೆಗೆ ನಿಲ್ಲಬಾರದು ಎಂಬ ಸ್ಪೀಕರ್ ಆದೇಶದ ಭಾಗವನ್ನು ಮಾತ್ರ ತೆಗೆದುಹಾಕಿತು. ವಾದ ಮಾಡುವ ಮೊದಲು ದಯವಿಟ್ಟು ತೀರ್ಪು ಓದಿ.

ಪ್ರಶ್ನೆ: ನಮ್ಮಲ್ಲಿ ಶಾಸಕರಿಲ್ಲ. ವಿಧವಾ ವೇತನದ ಅರ್ಜಿಗೆ ಶಾಸಕರ ಸಹಿ ಬೇಕು, ಬೆಂಗಳೂರಿನಿಂದ ಮಾಡಿಸಿಕೊಡ್ತೀನಿ ಅಂತ ಏಜೆಂಟ್ ದುಡ್ಡು ಕೇಳುತ್ತಿದ್ದಾನೆ.

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ ತಾಯಿ. ಆ ಅರ್ಜಿಗೆ ಶಾಸಕರ ಸಹಿ ಬೇಕಿಲ್ಲ. ನಾಡಕಚೇರಿಗೆ ನೀವೇ ಹೋಗಿ ಅರ್ಜಿ ಕೊಡಿ, ನಂಬರ್ ಇರುವ ರಸೀದಿ ಇಸಿದುಕೊಳ್ಳಿ. ಅಲ್ಲಿ ಯಾರಾದರೂ ಶಾಸಕರ ಪತ್ರ ತನ್ನಿ ಅಂದರೆ, ಆ ಮಾತನ್ನೇ ಬರೆದುಕೊಡಿ ಅನ್ನಿ. ಆಮೇಲೆ ತಹಶೀಲ್ದಾರರನ್ನು ನೋಡಿ.