ಓದುಗರ ಪ್ರಶ್ನೆ: ಭಯಭಕ್ತಿ ಓದಿನಿಂದ ಬರುವುದೇ?

ಪ್ರಶ್ನೆ: ಥಾಮಸ್ ಅ ಕೆಂಪಿಸ್ ಬರೆದ ಕ್ರಿಸ್ತಾನುಕರಣೆಯ ಗ್ರಂಥವನ್ನು ಎರಡೇ ವಾರದಲ್ಲಿ ಓದಿ ಮುಗಿಸಿದೆ. ಅಡಿಗೆರೆ ಎಳೆದ ಸಾಲುಗಳು ಬೇಕಾದಷ್ಟಿವೆ. ಆದರೂ ಪ್ರಾರ್ಥನೆಗೆ ಕೂತಾಗ ಭಯಭಕ್ತಿ ಹುಟ್ಟುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲ ತಪ್ಪು ಅವಸರ. 15ನೆಯ ಶತಮಾನದ ಮೊದಲ ಭಾಗದಲ್ಲಿ ಮಠವಾಸಿಯೊಬ್ಬರು ಲ್ಯಾಟಿನ್‌ನಲ್ಲಿ ಬರೆದ ಆ ಗ್ರಂಥದಲ್ಲಿ ನಾಲ್ಕು ಭಾಗ, 114 ಅಧ್ಯಾಯಗಳಿವೆ. ದಿನಕ್ಕೊಂದರಂತೆ ಓದಿದರೂ ಹತ್ತಿರ ಹತ್ತಿರ ನಾಲ್ಕು ತಿಂಗಳು ಬೇಕು. ಪಶ್ಚಾತ್ತಾಪದ ವ್ಯಾಖ್ಯೆ ತಿಳಿದಿರುವುದಕ್ಕಿಂತ ಪಶ್ಚಾತ್ತಾಪಪಡುವುದೇ ಮೇಲು ಎಂದು ಮೊದಲ ಅಧ್ಯಾಯದಲ್ಲೇ ಥಾಮಸ್ ಹೇಳಿಬಿಡುತ್ತಾರೆ.

ಓದುವ ಕ್ರಮವನ್ನು 12ನೆಯ ಶತಮಾನದ ಕಾರ್ತೂಸಿಯನ್ (ಏಕಾಂತ, ಮೌನಗಳ ಮಠಪಂಥ) ಸನ್ಯಾಸಿ ಎರಡನೆಯ ಗುಯಿಗೊ ನಾಲ್ಕು ಮೆಟ್ಟಿಲಾಗಿ ಹೇಳಿದ್ದಾರೆ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅದನ್ನು ಅಗಿಯುತ್ತದೆ, ಪ್ರಾರ್ಥನೆಗೆ ರುಚಿ ಸಿಗುತ್ತದೆ, ಕೊನೆಯ ಮೌನ ದರ್ಶನವೇ ಆ ಸವಿ. ದಿನಕ್ಕೆ 20 ನಿಮಿಷವಿದ್ದರೆ ಐದು ನಿಮಿಷ ಒಂದೇ ಅಧ್ಯಾಯವನ್ನು ತುಟಿಯಾಡಿಸುತ್ತಾ ಓದಿ. ಚುಚ್ಚಿದ ವಾಕ್ಯ ಬಂದಲ್ಲಿ ಪುಸ್ತಕ ಮುಚ್ಚಿ, ಅಧ್ಯಾಯ ಮುಗಿಯಬೇಕೆಂಬ ಹಟ ಬೇಡ. ಏಳೆಂಟು ನಿಮಿಷ ಆ ವಾಕ್ಯವನ್ನೇ ಮೆಲುಕು ಹಾಕಿ. ಆಮೇಲೆ ದೇವರೊಂದಿಗೆ ‘ನೀನು’ ಎಂದು ನಿಮ್ಮ ಮನೆಮಾತಿನಲ್ಲೇ ಮಾತಾಡಿ. ಉಳಿದ ಹೊತ್ತು ಸುಮ್ಮನಿರಿ. ಹೆಚ್ಚಿನವರು ಎಡವುವುದು ಎರಡು, ಮೂರನೆಯ ಮೆಟ್ಟಿಲ ನಡುವೆ. ಮನನ ದೇವರ ಕಡೆ ತಿರುಗದೆ ತಮ್ಮ ಗುಣದೋಷಗಳ ಲೆಕ್ಕದಲ್ಲೇ ಸುತ್ತುತ್ತದೆ. ಪ್ರಾರ್ಥನೆಯಿಲ್ಲದ ಮನನಕ್ಕೆ ಫಲವಿಲ್ಲವೆಂದು ಗುಯಿಗೊ ಎಚ್ಚರಿಸಿದ್ದು ಇದನ್ನೇ ನೋಡಿ.

ಇನ್ನೊಂದು ಮಾತು. ಥಾಮಸ್ ಅವರ ಪುಸ್ತಕದಲ್ಲಿರುವ, ಜನರ ಸಹವಾಸ ಬಿಡು ಎಂಬಂಥ ಉಪದೇಶ ಮಠದವರಿಗೆ ಹೇಳಿದ್ದು. ಸಂಸಾರಸ್ಥರು ಅದನ್ನು ಹಿಡಿದು ಮನೆಯವರ ಜೊತೆ ಮಾತು ಬಿಟ್ಟರೆ ಅದು ಪರಿಶುದ್ಧತೆಯಲ್ಲ. ವರ್ಷಕ್ಕೊಂದು ದುರ್ಗುಣವನ್ನು ಬೇರುಸಹಿತ ಕಿತ್ತರೂ ಬೇಗ ಪಕ್ವರಾಗುತ್ತೇವೆ ಎಂಬ ಅವರ ಮಾತನ್ನು ಹಿಡಿಯಿರಿ. ಒಂದೇ ದುರ್ಗುಣ ಆರಿಸಿಕೊಳ್ಳಿ.

ಪ್ರಶ್ನೆ: ಪ್ರಾರ್ಥನೆಗೆ ಕೂತ ಮೇಲೂ ಮನಸ್ಸು ಮೊಬೈಲಿನಲ್ಲೇ ಇರುತ್ತದೆ. ಏನು ಮಾಡಲಿ?

ಉತ್ತರ: ಕೂರುವ ಮೊದಲು ನಿಲ್ಲಿ. 1548ರಲ್ಲಿ ರೋಮ್‌ನಲ್ಲಿ ಅಚ್ಚಾದ ‘ಆಧ್ಯಾತ್ಮಿಕ ಸಾಧನೆ’ಗಳಲ್ಲಿ ಯೇಸುಸಭೆ ಸ್ಥಾಪಿಸಿದ ಲೊಯೋಲದ ಸಂತ ಇಗ್ನಾಸಿಯವರು ಕೊಟ್ಟ ಸೂಚನೆ ಇದು: ಪ್ರಾರ್ಥನೆಯ ಜಾಗಕ್ಕೆ ಒಂದೆರಡು ಹೆಜ್ಜೆ ಇರುವಾಗ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳುವಷ್ಟು ಹೊತ್ತು ನಿಂತು, ದೇವರು ನನ್ನನ್ನು ಹೇಗೆ ನೋಡುತ್ತಿದ್ದಾನೆಂದು ನೆನೆದು, ತಲೆಬಾಗಬೇಕು. ಅರ್ಧ ನಿಮಿಷದ ಕೆಲಸ, ಆದರೆ ಬಿಡಬೇಡಿ. ಭಯಭಕ್ತಿ ಮೊದಲು ಮೈಗೆ ಬಂದರೆ ಮನಸ್ಸಿಗೆ ದಾರಿ ಸಲೀಸು.

ಮೊಣಕಾಲೂರಿ, ಸಾಷ್ಟಾಂಗವಾಗಿ, ಕೂತು ಅಥವಾ ನಿಂತು, ಯಾವ ಭಂಗಿಯಲ್ಲಿ ಬೇಕಾದದ್ದು ಸಿಗುತ್ತದೋ ಅಲ್ಲೇ ಇರಿ, ಬದಲಿಸಬೇಡಿ ಎನ್ನುತ್ತಾರೆ ಅವರು. ಮನಸ್ಸು ತೀರಾ ಚದುರಿದ ದಿನ ಉಸಿರಿಗೊಂದು ಪದದಂತೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನೇ ಹೇಳಿ. ಮುಗಿದ ಮೇಲೆ ಕಾಲು ಗಂಟೆ ಕೂತೋ ಅಡ್ಡಾಡುತ್ತಲೋ ಹೇಗೆ ನಡೆಯಿತೆಂದು ನೋಡಿಕೊಳ್ಳಿ. ಕೆಟ್ಟಿದ್ದರೆ ಕಾರಣ ಹುಡುಕಿ, ಚೆನ್ನಾಗಿದ್ದರೆ ದೇವರಿಗೆ ಕೃತಜ್ಞತೆ ಹೇಳಿ. ಒಣಗಿದಂತಿದ್ದ ದಿನ ಬೇಗ ಎದ್ದುಬಿಡುವುದು ಸಹಜ. ಅಂದೇ ನಿಗದಿಗಿಂತ ತುಸು ಹೆಚ್ಚು ಹೊತ್ತು ಇರಬೇಕೆಂಬುದು ಅವರ ನಿಯಮ.

ಪ್ರಶ್ನೆ: ಅಡುಗೆಮನೆಯಲ್ಲೇ ದಿನ ಕಳೆಯುವವರಿಗೆ ಇದೆಲ್ಲ ಆಗುತ್ತದೆಯೇ?

ಉತ್ತರ: ಬ್ರದರ್ ಲಾರೆನ್ಸ್ ಓದಿ. 1691ರಲ್ಲಿ ತೀರಿಕೊಂಡ ಅವರು ಪ್ಯಾರಿಸ್‌ನ ಕಾರ್ಮೆಲ್ ಮಠದ ಅಡುಗೆಯವರು, ಮುಂದೆ ಚಪ್ಪಲಿ ಹೊಲಿದವರು. ಬಾಣಲೆಯ ಆಮ್ಲೆಟ್ ಮಗುಚುವುದನ್ನೂ ದೇವರ ಮೇಲಿನ ಪ್ರೀತಿಗಾಗಿಯೇ ಮಾಡುತ್ತಿದ್ದರು. ಕೆಲಸ ಶುರುಮಾಡುವಾಗ ಒಂದು ವಾಕ್ಯ, ನಡುವೆ ನೆನಪಾದಾಗ ಒಂದು ವಾಕ್ಯ, ಮುಗಿದಾಗ ಒಂದು ವಾಕ್ಯ ಸಾಕು. ಮರೆತಿದ್ದು ಅರಿವಿಗೆ ಬಂದಾಗ ತಮ್ಮನ್ನು ಹಳಿಯುತ್ತಾ ಕೂರದೆ ಹಾಗೇ ತಿರುಗಿ ದೇವರನ್ನು ನೆನೆಯುತ್ತಿದ್ದರು. ಅವರಿಗೂ ಮೊದಲ ಹತ್ತು ವರ್ಷ ಕಷ್ಟದಲ್ಲೇ ಕಳೆದವು.