ತೋಡಿನ ನೀರು, ಸಭೆಯ ಪುಸ್ತಕ

ಕಾಸರಗೋಡು ಅಂದ ಕೂಡಲೇ ಬೆಂಗಳೂರಿನವರಾದ ನೀವೂ ಮೊದಲು ಕೇಳಿದ್ದು ಎಲ್ಲರೂ ಕೇಳುವುದನ್ನೇ. "ಅಲ್ಲಿ ಕನ್ನಡ ಉಳಿದಿದೆಯಾ?" ಆದರೆ ಹೊರಡುವಾಗ ಇನ್ನೊಂದು ಕೇಳಿದಿರಿ. "ನಿಮ್ಮ ಓಣಿಯ ರಸ್ತೆ ಹಾಳಾದರೆ, ಚರಂಡಿ ಕಟ್ಟಿಕೊಂಡರೆ ಯಾರ ಹತ್ತಿರ ಹೋಗುತ್ತೀರಿ? ಯಾವ ಭಾಷೆಯಲ್ಲಿ ಹೇಳುತ್ತೀರಿ?" ಅದನ್ನು ಈವರೆಗೆ ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಮೂರು ನಗರಸಭೆಗಳು: ಕಾಸರಗೋಡು, ಕಾಞಂಗಾಡು, ನೀಲೇಶ್ವರ. ಉಳಿದದ್ದೆಲ್ಲ ಪಂಚಾಯತಿ. ನಾನಿರುವುದು ಯಾವುದರಲ್ಲಿ ಅಂತ ಹೇಳುವುದಿಲ್ಲ. ಯಾಕೆಂದರೆ ಮುಂದೆ ಒಂದು ಸಂಗತಿ ಹೇಳಲಿಕ್ಕಿದೆ, ಅದರಿಂದ ಯಾರ ಮೇಲೂ ದೂರು ಹಾಕುವ ಇರಾದೆ ನನಗಿಲ್ಲ.

ಇಲ್ಲಿಯ ನಗರಸಭೆಗಳು ಬೆಂಗಳೂರಿನ ಲೆಕ್ಕದಲ್ಲಿ ತುಂಬ ಸಣ್ಣವು. 2011ರ ಜನಗಣತಿಯಲ್ಲಿ ಕಾಸರಗೋಡು ನಗರಸಭೆಯ ಜನಸಂಖ್ಯೆ 54,172. ನಿಮ್ಮಲ್ಲಿ ಇದಕ್ಕಿಂತ ದೊಡ್ಡ ಬಡಾವಣೆಗಳಿವೆ, ಅಲ್ವಾ? ಆದರೆ ಸಣ್ಣದಾಗಿರುವುದರಿಂದ ಒಂದು ಲಾಭ ಇದೆ. ಕೇರಳದ ನಗರಸಭಾ ಕಾಯ್ದೆ 1994ರದ್ದು. ಅದರ ಪ್ರಕಾರ ಒಂದು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಿನಲ್ಲಿ ಪ್ರತಿ ವಾರ್ಡಿಗೂ ವಾರ್ಡ್ ಸಭೆ ಇರುತ್ತದೆ. ಆ ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ಪ್ರತಿನಿಧಿ ಅಲ್ಲ, ಸಮಿತಿ ಅಲ್ಲ, ಎಲ್ಲರೂ. ನೀವು ಹೋಗಿ ಕುರ್ಚಿಯಲ್ಲಿ ಕೂತು ಮಾತಾಡಬಹುದು.

ಇದಕ್ಕೆ ಬಲ ಬಂದದ್ದು 1996ರಲ್ಲಿ, ಜನಕೀಯ ಆಸೂತ್ರಣ ಶುರುವಾದಾಗ. ಆಸೂತ್ರಣ ಅಂದರೆ ಮಲಯಾಳದಲ್ಲಿ ಯೋಜನೆ. ರಾಜ್ಯದ ಯೋಜನೆ ಹಣದಲ್ಲಿ ಶೇಕಡಾ 35ರಿಂದ 40ರಷ್ಟನ್ನು ಪಂಚಾಯತಿ, ನಗರಸಭೆಗಳ ಕೈಗೆ ಕೊಡುವುದು ಅಂತ ಆಗ ತೀರ್ಮಾನ ಆಯಿತು. ಎಲ್ಲಿ ಏನು ಬೇಕು ಅಂತ ವಾರ್ಡ್ ಸಭೆ ಹೇಳಬೇಕು. ಅಲ್ಲಿಂದ ಅದು ವರ್ಕಿಂಗ್ ಗ್ರೂಪಿಗೆ ಹೋಗುತ್ತದೆ. ಆಮೇಲೆ ವಿಕಸನ ಸೆಮಿನಾರ್, ಅಂದರೆ ಅಭಿವೃದ್ಧಿಯ ಚರ್ಚಾಸಭೆ, ನಂತರ ಕೌನ್ಸಿಲ್, ಕೊನೆಗೆ ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ. ಮನೆ ಕಟ್ಟುವ ಸಹಾಯ ಯಾರಿಗೆ ಅನ್ನುವ ಪಟ್ಟಿಯೂ ವಾರ್ಡ್ ಸಭೆಗೇ ಬರಬೇಕು.

ಕೇಳಲಿಕ್ಕೆ ಚೆಂದ. ನಿಜವಾಗಿ ಹೇಗಿರುತ್ತದೆ ಅಂದರೆ, ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅಂಗನವಾಡಿಯಲ್ಲೋ ಶಾಲೆಯಲ್ಲೋ ಇಪ್ಪತ್ತೈದು ಪ್ಲಾಸ್ಟಿಕ್ ಕುರ್ಚಿ, ಗೋಡೆಯಲ್ಲಿ ಮಕ್ಕಳು ಅಂಟಿಸಿದ ಹಣ್ಣುಗಳ ಚಿತ್ರ, ಬಾಗಿಲ ಬಳಿ ಒಂದು ಹಾಜರಿ ಪುಸ್ತಕ. ಬಂದವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಕುಟುಂಬಶ್ರೀ ಅನ್ನುವ ಹೆಂಗಸರ ಸ್ವಸಹಾಯ ಸಂಘದವರು ಮನೆಮನೆಗೆ ಹೇಳಿ ಕರೆದುಕೊಂಡು ಬರುತ್ತಾರೆ. ಹತ್ತಿಪ್ಪತ್ತು ಮನೆಗೆ ಒಂದು ಅಯಲ್‌ಕೂಟ, ಅಂದರೆ ನೆರೆಕೂಟ. 1998ರಿಂದ ಇದು ನಡೆದುಕೊಂಡು ಬಂದಿದೆ. ನನಗೆ ಕೇಳಿದರೆ ಕೇರಳದ ಊರಾಡಳಿತದ ಬೆನ್ನೆಲುಬೇ ಈ ಹೆಂಗಸರು. ಗಂಡಸರು ಹೊರಗೆ ಸ್ಕೂಟರಿಗೆ ಒರಗಿ ನಿಂತು "ಎಂತ ಆಗ್ತದೆ ಇದರಲ್ಲಿ" ಅನ್ನುತ್ತಿರುತ್ತಾರೆ. ಒಳಗೆ ಹೆಂಗಸರು ಬೀದಿದೀಪದ ಕಂಬದ ನಂಬರು ಬರೆಸುತ್ತಿರುತ್ತಾರೆ.

ಸಭೆಯಲ್ಲಿ ಎಷ್ಟು ಭಾಷೆ ಕೇಳುತ್ತದೆ ಗೊತ್ತಾ? ಕೌನ್ಸಿಲರ್ ಮಲಯಾಳದಲ್ಲಿ ಶುರು ಮಾಡುತ್ತಾರೆ. ಒಬ್ಬರು ಎದ್ದು ತುಳುವಿನಲ್ಲಿ ಕೇಳುತ್ತಾರೆ. ಇನ್ನೊಬ್ಬರು ಕನ್ನಡದಲ್ಲಿ ಸೇರಿಸುತ್ತಾರೆ. ಹಿಂದಿನ ಸಾಲಿನಿಂದ ಕೊಂಕಣಿ, ಬ್ಯಾರಿ. ಮಾತಿಗೆ ತೊಂದರೆಯೇ ಇಲ್ಲ. ಇಲ್ಲಿ ಹುಟ್ಟಿದವರಿಗೆ ನಾಲ್ಕು ಭಾಷೆ ಕಿವಿಗೆ ಹತ್ತಿರುತ್ತದೆ. ತೊಂದರೆ ಆಗುವುದು ಬರೆಯುವಾಗ.

ಅದನ್ನು ಹೇಳಬೇಕೆಂದೇ ಇಷ್ಟು ಬರೆದದ್ದು.

ನಮ್ಮ ಓಣಿಯ ಪಕ್ಕದಲ್ಲಿ ಒಂದು ತೋಡು ಹರಿಯುತ್ತದೆ. ತೋಡು ಅಂದರೆ ಸಣ್ಣ ಹಳ್ಳ. ಮೊದಲು ಗದ್ದೆಯ ನೀರು ಹರಿಯುತ್ತಿದ್ದದ್ದು, ಈಗ ಗದ್ದೆ ಹೋಗಿ ಮನೆಗಳಾಗಿವೆ, ತೋಡು ಮಾತ್ರ ಉಳಿದಿದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಜಾಸ್ತಿ ಭಾಗ ಜೂನ್, ಜುಲೈ, ಆಗಸ್ಟಿನಲ್ಲೇ ಸುರಿದು ಮುಗಿಯುತ್ತದೆ. ಮೇಲಿನ ಗುಡ್ಡೆಯ ಕೆಂಪು ಮಣ್ಣು ಕೊಚ್ಚಿಕೊಂಡು ಬಂದು ತೋಡಿನಲ್ಲಿ ಕೂರುತ್ತದೆ. ಅದರ ಮೇಲೆ ತೆಂಗಿನ ಸೋಗೆ, ಹಾಲಿನ ತೊಟ್ಟೆ, ಬಾಟಲಿ. ನೀರು ಹೋಗಲಿಕ್ಕೆ ಜಾಗ ಇಲ್ಲದೆ ಓಣಿಗೆ ಏರುತ್ತದೆ. ಓಣಿಯ ಕೊನೆಯ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮಳೆಗಾಲದಲ್ಲಿ ಅವರ ಮನೆಯ ಜಗಲಿಯ ಎರಡನೇ ಮೆಟ್ಟಲಿನವರೆಗೆ ನೀರು. ಗೋಡೆಯ ಮೇಲೆ ಪ್ರತಿ ವರ್ಷದ ಗೆರೆ ಹಾಗೇ ಉಳಿದಿದೆ, ಒಂದರ ಮೇಲೊಂದು, ಕೆಂಪು.

ಕೆಲವು ವರ್ಷಗಳ ಹಿಂದೆ ಆ ಅಜ್ಜಿ ವಾರ್ಡ್ ಸಭೆಗೆ ಬಂದು ತುಳುವಿನಲ್ಲಿ ಹೇಳಿದರು. ತೋಡಿನ ಹೂಳು ತೆಗೆಯಬೇಕು, ಮಳೆ ಶುರುವಾಗುವ ಮೊದಲೇ ತೆಗೆಯಬೇಕು. ಜೊತೆಗೆ ಮಾತಿನಲ್ಲಿ ಇನ್ನೊಂದೂ ಸೇರಿತು. ಮಕ್ಕಳು ಶಾಲೆಗೆ ಹೋಗುವಾಗ ತೋಡಿಗೆ ಬಿದ್ದರೆ ಏನು ಗತಿ ಅಂತ. ಎಲ್ಲರೂ ಹೌದು ಹೌದು ಅಂದರು. ಬರೆದುಕೊಳ್ಳುತ್ತಿದ್ದ ಹುಡುಗನಿಗೆ ತುಳು ಅರ್ಧಂಬರ್ಧ. ಅವನು ಮಲಯಾಳದಲ್ಲಿ ಒಂದು ಸಾಲು ಬರೆದ. ಅಜ್ಜಿ ಕನ್ನಡದಲ್ಲಿ ಸಹಿ ಹಾಕಿದರು. ದೊಡ್ಡ ದೊಡ್ಡ ಅಕ್ಷರ, ಒಂದೊಂದನ್ನೂ ಬಿಡಿಸಿ ಬರೆದದ್ದು. ಮೇಲೆ ಏನು ಬರೆದಿದೆ ಅಂತ ಅವರಿಗೆ ಓದಲಿಕ್ಕೆ ಬರುವುದಿಲ್ಲ. ಅವರು ಕನ್ನಡ ಶಾಲೆಯಲ್ಲಿ ಐದನೇ ತರಗತಿ ಓದಿದವರು.

ಮುಂದಿನ ವರ್ಷ ಕೆಲಸ ಆಯಿತು. ಓವರ್‌ಸಿಯರ್ ಬಂದರು, ಎಸ್ಟಿಮೇಟ್ ಆಯಿತು, ಟೆಂಡರ್ ಆಯಿತು, ಮಾರ್ಚ್ ಕೊನೆಯೊಳಗೆ ಬಿಲ್ಲೂ ಆಯಿತು. ತೋಡಿನ ಮೇಲೆ ಉದ್ದಕ್ಕೂ ಕಾಂಕ್ರೀಟ್ ಸ್ಲ್ಯಾಬ್. ಹೂಳು ಹಾಗೇ ಕೆಳಗೆ. ಪುಸ್ತಕದಲ್ಲಿ ಬರೆದದ್ದು ಅಷ್ಟೇ ಆಗಿತ್ತು: ತೋಡಿಗೆ ಸ್ಲ್ಯಾಬ್ ಹಾಕಬೇಕು. ಆ ಜೂನಿನಲ್ಲಿ ನೀರು ಮೂರನೇ ಮೆಟ್ಟಲಿಗೆ ಬಂತು.

ಹುಡುಗ ಬೇಕಂತ ಮಾಡಿದ್ದಲ್ಲ. ಕೆಲಸ ಮಾಡಿದವರೂ ಹೇಳಿದ್ದನ್ನೇ ಮಾಡಿದರು. ಆದರೂ ಒಂದು ಸಾಲಿನ ತಪ್ಪಿಗೆ ಒಂದು ವರ್ಷದ ಹಣ ಹೋಯಿತು, ಒಂದು ಮಳೆಗಾಲ ಹೋಯಿತು. ಅವತ್ತಿನಿಂದ ನನಗೆ ಕನ್ನಡದ ಪ್ರಶ್ನೆ ಅಂದರೆ ಮೊದಲು ನೆನಪಾಗುವುದು ಈ ಪುಸ್ತಕ. ನಿಮ್ಮ ಕಡೆಯಿಂದ ನೋಡುವವರಿಗೆ ಗಡಿನಾಡು ಅಂದರೆ 1956ರ ರಾಜ್ಯ ಪುನರ್ವಿಂಗಡಣೆ, ಮಹಾಜನ ವರದಿ, ಚಂದ್ರಗಿರಿ ಹೊಳೆ. ಆ ವರದಿ 1967ರಲ್ಲಿ ಬಂತು, ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂದಿತು, ಅದು ಆಗಲಿಲ್ಲ. ಆ ನೋವು ನಮ್ಮ ಹಿರಿಯರಲ್ಲಿ ಇದೆ, ಸುಳ್ಳಲ್ಲ. ಆದರೆ ದಿನ ಬೆಳಗಾದರೆ ನಮಗೆ ಬೇಕಾದದ್ದು, ನಾವು ಹೇಳಿದ್ದು ಹೇಳಿದ ಹಾಗೇ ಕಾಗದದಲ್ಲಿ ಬರುವುದು.

ಕಾನೂನು ನಮ್ಮ ಕಡೆಗೇ ಇದೆ. ಸಂವಿಧಾನದ 350ನೇ ವಿಧಿ ಪ್ರಕಾರ ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಇದನ್ನು ನಮ್ಮವರಲ್ಲೇ ತುಂಬ ಜನ ತಿಳಿದಿಲ್ಲ. ನಾನು ಒಮ್ಮೆ ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟೆ. ಕೌಂಟರಿನಲ್ಲಿ ಕೂತವರು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು, ಕಾಗದವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು. ಅವರಿಗೆ ಓದಲಿಕ್ಕೆ ಬಾರದ್ದು ಅವರ ತಪ್ಪಲ್ಲ. ಕನ್ನಡ ಬಲ್ಲವರು ಇರಬೇಕಾದ ಕುರ್ಚಿಯಲ್ಲಿ ಅವರನ್ನು ಕೂರಿಸಿದ್ದು ತಪ್ಪು. "ಮಲಯಾಳತ್ತಿಲ್ ಎಳುದಿ ತರಾಮೋ" ಅಂತ ಮೆಲ್ಲ ಕೇಳಿದರು. ನನಗೆ ಬರುತ್ತದೆ, ಬರೆದುಕೊಟ್ಟೆ. ಅಜ್ಜಿಗೆ ಬರುವುದಿಲ್ಲ. ಅವರು ಯಾರನ್ನಾದರೂ ಹುಡುಕಬೇಕು. ಹುಡುಕುವ ಹೊತ್ತಿಗೆ ಅರ್ಧ ಜನ "ಹೋಗಲಿ ಬಿಡಿ" ಅಂತ ಮನೆಗೆ ವಾಪಸ್ ಹೋಗಿರುತ್ತಾರೆ.

ಮಕ್ಕಳ ಕಾಲಕ್ಕೆ ಇದು ಬದಲಾಗಬಹುದು. 2017ರ ಕಾಯ್ದೆ ಬಂದ ಮೇಲೆ ಕೇರಳದ ಶಾಲೆಗಳಲ್ಲೆಲ್ಲ ಮಲಯಾಳ ಕಲಿಸಬೇಕು. ಮಕ್ಕಳು ಎರಡೂ ಲಿಪಿ ಓದುತ್ತಾರೆ. ಅದು ಒಳ್ಳೆಯದೇ. ಆದರೆ ಮಕ್ಕಳು ಮಲಯಾಳ ಕಲಿತರು ಅಂತ ಕಚೇರಿಯ ಕನ್ನಡ ಬೇಡ ಅಂತ ಆಗಬಾರದು. 2024ರ ಜನವರಿಯಿಂದ ನಗರಸಭೆಯ ಸೇವೆಗಳು ಕೆ-ಸ್ಮಾರ್ಟ್ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಗೆ ಬಂದಿವೆ. ಜನನ ಪ್ರಮಾಣಪತ್ರ, ಮನೆ ಕಟ್ಟುವ ಪರ್ಮಿಟ್, ತೆರಿಗೆ, ದೂರು, ಎಲ್ಲ ಮೊಬೈಲಿನಲ್ಲಿ. ನನ್ನಂಥವರಿಗೆ ಬಹಳ ಸುಲಭ ಆಯಿತು. ಅಜ್ಜಿಯಂಥವರಿಗೆ ಆನ್‌ಲೈನ್ ಅರ್ಜಿ ತುಂಬಿ ಕೊಡುವ ಅಕ್ಷಯ ಕೇಂದ್ರದ ಹುಡುಗಿಯೇ ನಗರಸಭೆ.

ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೂ ಉತ್ತರ ಹೇಳಿಬಿಡುತ್ತೇನೆ, ಯಾರ ಹತ್ತಿರ ಹೋಗುತ್ತೀರಿ ಅಂದಿರಲ್ಲ. ಬೀದಿದೀಪ ಉರಿಯದಿದ್ದರೆ ಕೌನ್ಸಿಲರಿಗೆ ಫೋನ್. ಅವರ ನಂಬರು ಎಲ್ಲರ ಹತ್ತಿರ ಇರುತ್ತದೆ, ಮದುವೆಗೂ ಸಾವಿಗೂ ಬರುವವರು ಅವರೇ. ರಸ್ತೆ ರಿಪೇರಿ ಆಗಬೇಕಾದರೆ ಮೊದಲು ಆ ರಸ್ತೆ ನಗರಸಭೆಯ ಆಸ್ತಿ ರಿಜಿಸ್ಟರಿನಲ್ಲಿ ಇರಬೇಕು. ಇಲ್ಲದಿದ್ದರೆ ಅದು ಖಾಸಗಿ ದಾರಿ, ಒಂದು ಬುಟ್ಟಿ ಜಲ್ಲಿಯೂ ಬೀಳುವುದಿಲ್ಲ. ಅದಕ್ಕೆ ಇಲ್ಲಿ ದಾರಿಯ ಎರಡೂ ಬದಿಯವರು ಸೇರಿ ಜಾಗ ಬಿಟ್ಟುಕೊಟ್ಟು, ಸಮ್ಮತಿ ಪತ್ರಕ್ಕೆ ಸಹಿ ಹಾಕಿ, ದಾರಿಯನ್ನೇ ನಗರಸಭೆಗೆ ಒಪ್ಪಿಸುತ್ತಾರೆ. ಕೆಂಪುಕಲ್ಲಿನ ಕಂಪೌಂಡ್ ಗೋಡೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಒಂದಡಿ ಹಿಂದಕ್ಕೆ ಕಟ್ಟಿಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೂರು ತಲೆಮಾರಿನಿಂದ ಮಾತು ಬಿಟ್ಟಿದ್ದ ಎರಡು ಮನೆಯವರು ಆಂಬುಲೆನ್ಸ್ ಒಳಗೆ ಬರಲಿ ಅಂತ ಒಂದೇ ಕಾಗದಕ್ಕೆ ಸಹಿ ಹಾಕಿದರು.

ಕಸದ ಬಗ್ಗೆ ಚಿಂತೆ ಕಡಿಮೆ. ಹಸಿರು ಕ್ರಿಯಾಸೇನೆಯ ಅಕ್ಕಂದಿರು ಮನೆಗೇ ಬಂದು ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ತೆಗೆದುಕೊಂಡು ಹೋಗುತ್ತಾರೆ. ಗೋಡೆಯ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿಯುತ್ತಾರೆ, ತಿಂಗಳಿಗೆ ಒಂದು ಸಣ್ಣ ಶುಲ್ಕ. ಬಿಸಿಲಲ್ಲಿ ಚೀಲ ಹೊತ್ತು ಬಂದವರ ಹತ್ತಿರ ಈ ಸಣ್ಣ ಶುಲ್ಕಕ್ಕೆ ಜಗಳ ಆಡುವ ಮನೆಗಳೂ ಇವೆ. ಅದು ನೋಡುವಾಗ ನನಗೆ ತುಂಬ ಬೇಸರವಾಗುತ್ತದೆ.

ನಗರಸಭೆಯ ಕೈಯಲ್ಲಿ ಇಲ್ಲದ್ದೂ ಬಹಳ ಇದೆ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಹೆದ್ದಾರಿ 66 ಆರು ಪಥ ಆಯಿತು. ಮಂಗಳೂರಿಗೆ ಹೋಗಲಿಕ್ಕೆ ಸುಖ. ಆದರೆ ಮೊದಲು ಹತ್ತು ಹೆಜ್ಜೆಯಲ್ಲಿ ದಾಟುತ್ತಿದ್ದ ಕಡೆ ಈಗ ಸರ್ವಿಸ್ ರಸ್ತೆ ಹಿಡಿದು ಅಂಡರ್‌ಪಾಸ್ ಹುಡುಕಬೇಕು. ಈ ಬದಿಯ ಮನೆ, ಆ ಬದಿಯ ದೈವಸ್ಥಾನ, ಮಧ್ಯೆ ಗೋಡೆ. ಇದರಲ್ಲಿ ಕೌನ್ಸಿಲ್ ಒಂದು ನಿರ್ಣಯ ಬರೆದು ಕಳಿಸಬಹುದು, ಅಷ್ಟೇ.

ಇಷ್ಟೆಲ್ಲ ಕೊರತೆ ಇದ್ದರೂ ಒಂದು ವಿಷಯದಲ್ಲಿ ನಾವು ನಿಮಗಿಂತ ಪುಣ್ಯವಂತರು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ನಿಮಗೆ ಕಾರ್ಪೊರೇಟರೇ ಇರಲಿಲ್ಲ. ಅದೇ ವರ್ಷ ಕೊರೋನಾ ಇದ್ದಾಗಲೂ ಇಲ್ಲಿ ಡಿಸೆಂಬರ್ 14ರಂದು ನಾವು ಮಾಸ್ಕ್ ಹಾಕಿಕೊಂಡು ಸಾಲು ನಿಂತು ಓಟು ಹಾಕಿದೆವು. ಐದು ವರ್ಷ ಆದ ಕೂಡಲೇ, 2025ರ ಡಿಸೆಂಬರಿನಲ್ಲಿ, ಮತ್ತೆ ಹಾಕಿದೆವು. ಜಗಳ ಆಡಲಿಕ್ಕಾದರೂ ನಮ್ಮ ವಾರ್ಡಿಗೆ ಒಬ್ಬರು ಸದಾ ಇದ್ದಾರೆ.

ತೋಡಿನ ಕಥೆ ಅರ್ಧಕ್ಕೆ ಬಿಟ್ಟೆ ಅಲ್ವಾ. ಆ ಮಳೆಗಾಲ ಕಳೆದ ಮೇಲೆ ನಾವು ಒಂದು ಹತ್ತು ಮನೆಯವರು ಸೇರಿ ಕೌನ್ಸಿಲರ ಹತ್ತಿರ ಹೋದೆವು. ಅವರು ಮಲಯಾಳಿ, ಕನ್ನಡ ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ಅಜ್ಜಿಯ ಮನೆಗೇ ಕರೆದುಕೊಂಡು ಹೋಗಿ ಗೋಡೆಯ ಕೆಂಪು ಗೆರೆ ತೋರಿಸಿದೆವು. ತುಂಬ ಹೊತ್ತು ಏನೂ ಮಾತಾಡದೆ ನೋಡಿದರು. ಆಮೇಲೆ ಸ್ಲ್ಯಾಬಿನಲ್ಲಿ ನಡುನಡುವೆ ಎತ್ತಿ ತೆಗೆಯುವ ಹಾಗೆ ಮಾಡಿಸಿ, ಮೇ ತಿಂಗಳಲ್ಲಿ ಹೂಳು ತೆಗೆಸಿದರು. ತೋಡಿನಿಂದ ಬಂದ ಮಣ್ಣನ್ನು ಓಣಿಯವರೇ ತೆಂಗಿನ ಬುಡಕ್ಕೆ ಹೊತ್ತುಕೊಂಡು ಹೋದರು. ಆ ವರ್ಷ ನೀರು ಮೊದಲ ಮೆಟ್ಟಲು ಮುಟ್ಟಿ ಇಳಿಯಿತು.

ಈಗ ನಮ್ಮ ವಾರ್ಡ್ ಸಭೆಯಲ್ಲಿ ಬರೆಯಲಿಕ್ಕೆ ಇಬ್ಬರು ಕೂರುತ್ತಾರೆ. ಒಬ್ಬಳು ಮಲಯಾಳದಲ್ಲಿ, ಒಬ್ಬಳು ಕನ್ನಡದಲ್ಲಿ. ಯಾರ ಆದೇಶವೂ ಇಲ್ಲ, ನಾವೇ ಮಾಡಿಕೊಂಡದ್ದು. ಸಭೆ ಮುಗಿದು ಚಹಾ ಬರುವಾಗ ಎಲ್ಲರಿಗೂ ಏಳುವ ಅವಸರ. ಅಜ್ಜಿ ಏಳುವುದಿಲ್ಲ. ಪುಸ್ತಕ ಅವರ ಮುಂದೆ ಬಂದರೆ ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಬರೆದ ಹುಡುಗಿಯ ಮುಖ ನೋಡುತ್ತಾರೆ. "ಓದುದು ಪನ್ಲೆ ಮಗಾ" ಅನ್ನುತ್ತಾರೆ. ಅವಳು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು. ಆಮೇಲೆಯೇ ಸಹಿ.